ಮಕ್ಕಳ ತಲೆಪೆಟ್ಟಿನ ಲೆಕ್ಕ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎಣಿಕೆಗಳಂತೆ ಮಿದುಳಿಗಾಗುವ ಪೆಟ್ಟಿಗೆ ರಸ್ತೆ ಅಪಘಾತವೇ ಮೊದಲ ಕಾರಣ. ಎಳೆಯ ಮಕ್ಕಳಲ್ಲಾದರೋ, ಲೋಕದ ಎಲ್ಲೆಡೆಯಂತೆ, ಮಂಚ, ಮೆಟ್ಟಿಲು, ತಾರಸಿಗಳಿಂದ ಬೀಳುವುದೇ ಮುಖ್ಯ. ನವಜಾತ ಶಿಶುವಿನ ತಲೆಯು ಮೈಯುದ್ದದ ಸುಮಾರು ಕಾಲುಭಾಗ. ವಯಸ್ಕರಲ್ಲಿ ಅರೆಕಾಲು ಭಾಗ ಮಾತ್ರ. ಆದುದರಿಂದ ಮುಗ್ಗರಿಸಿದ ಮಗುವಿನ ತಲೆಯೇ ಮೊದಲು ನೆಲಕ್ಕೆ ತಾಗುವುದುಂಟು.

ಪೆಟ್ಟಿನ ಬಿರುಸನ್ನು ಅಂದಾಜಿಸಲು, ಬಿದ್ದ ಎತ್ತರವನ್ನು ತಲೆಯು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಬೇಕು. ಅರ್ಧ ಮೀಟರು ಎತ್ತರದ ಮಂಚದಿಂದ ಬಿದ್ದ ತಲೆಯು ಗಾರೆನೆಲದ ಮೇಲೆ 5 ಮಿಲಿಮೀಟರಿನಲ್ಲಿ ನಿಂತಿತೆನ್ನೋಣ. ಸರಾಸರಿ ವೇಗಾಪಕರ್ಷವು ಗುರುತ್ವದ 100 ಮಡಿ. ಮಡಿಸಿ ಹಾಸಿದ ರಜಾಯಿಯು ಆ ದೂರವನ್ನು 25 ಮಿಲಿಮೀಟರಿಗೆ ಏರಿಸಿದರೆ 20 ಮಡಿ ಮಾತ್ರ. ಈ ಲೆಕ್ಕದಲ್ಲಿ ತೂಕವು ಬರುವುದೇ ಇಲ್ಲ. ಮಗು ಹಗುರವೆಂಬ ಸಮಾಧಾನಕ್ಕೆ ಎಡೆಯಿಲ್ಲ.

ಆಷಾಢದಲ್ಲಿ ಮೈಸೂರಿನ ಹುಡುಗರು ಗಾಳಿಪಟ ಹಾರಿಸುವ ತಾರಸಿಯು 5 ಮೀಟರು ಎತ್ತರವಿದ್ದರೆ, ಬಿದ್ದವನು ಗಂಟೆಗೆ ಸುಮಾರು 36 ಕಿಲೋಮೀಟರು ವೇಗದಿಂದ ನೆಲ ಮುಟ್ಟುವನು. ಅಲ್ಲಿ ರಜಾಯಿ ಸಾಲದು, ಕೈಪಿಡಿಗೋಡೆಯೇ ಬೇಕು.

ಹೆಲ್ಮೆಟ್ಟಿನೊಳಗಿನ ಥರ್ಮೋಕೋಲು ಪದರವು ಜಜ್ಜಿಹೋಗುತ್ತ ರಜಾಯಿಯ ಕೆಲಸವನ್ನೇ ಮಾಡುತ್ತದೆ. 2023ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮದಂತೆ, 9 ತಿಂಗಳಿಂದ 4 ವರ್ಷದ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ಅದಕ್ಕೂ ಹೆಲ್ಮೆಟ್ಟು ಬೇಕು; ವೇಗವು ಗಂಟೆಗೆ 40 ಕಿಲೋಮೀಟರನ್ನು ಮೀರಕೂಡದು. ಆ ವೇಗವಾದರೂ 6 ಮೀಟರಿಗೂ ಹೆಚ್ಚಿನ ಎತ್ತರದಿಂದ ಬಿದ್ದುದಕ್ಕೆ ಸಮ.