ಒಡೆಯೋ ಮುಂಚೆ ಅಲ್ಲಾಡಿಸಿ ನೋಡಿ: ಹಳೇ ಆರ್‌ಎಕ್ಸ್ 100 ಮತ್ತು ಇಂಜಿನ್ ಬದಲಿಸೋ ಲೆಕ್ಕ

ರಾತ್ರಿ ಹನ್ನೊಂದಾದ ಮೇಲೆ ಹಾಸ್ಟೆಲ್‌ನಲ್ಲಿ ನಾವು ನೋಡೋ ವಿಡಿಯೊಗಳಲ್ಲಿ ಅರ್ಧ ಇಂಜಿನ್ ಸ್ವಾಪ್‌ನವೇ. ಮಜ್ದಾ ಆರ್‌ಎಕ್ಸ್-7 ಅನ್ನೋ ಹಳೇ ಜಪಾನಿ ಸ್ಪೋರ್ಟ್ಸ್ ಕಾರಿನ ರೋಟರಿ ಇಂಜಿನ್ ಸವೆದಿರುತ್ತೆ. ಅದನ್ನ ಕಿತ್ತು ಟೊಯೋಟಾ ಸುಪ್ರಾದ ಆರು ಸಿಲಿಂಡರ್ ಇಂಜಿನ್ ಕೂರಿಸ್ತಾರೆ. ಹತ್ತು ನಿಮಿಷದಲ್ಲಿ ವಿಡಿಯೊನೂ ಮುಗೀತು, ಕೆಲಸಾನೂ ಮುಗೀತು!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮಾತ್ರ ಆರ್‌ಎಕ್ಸ್ ಅಂದ್ರೆ ಕಾರಲ್ಲ, ಯಮಹಾ ಆರ್‌ಎಕ್ಸ್ 100. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1985ರಲ್ಲಿ ತಂದ ಈ ಬೈಕು 1996ರಲ್ಲಿ ನಿಂತುಹೋಯ್ತು. ತೋಟದ ದಾರೀಲಿ ಮಾತ್ರ ಇನ್ನೂ ನಿಂತಿಲ್ಲ. ಈ ಸಲದ ಪಾಠ ಅದರ ಬಗ್ಗೆ.

ನಮ್ಮ ಗುಂಪಿನಲ್ಲಿ ನಾಲ್ಕು ಜನ, ಎಲ್ಲರೂ ಮೆಕ್ಯಾನಿಕಲ್. ಅದರಲ್ಲಿ ಒಬ್ಬ ತುರುವೇಕೆರೆ ಕಡೆಯವನು. ಅವರಪ್ಪ 1995ರಲ್ಲಿ ತಗೊಂಡ ಆರ್‌ಎಕ್ಸ್ 100 ಕೊಬ್ಬರಿ ಅಟ್ಟದ ಕೆಳಗೆ ನಿಂತಿತ್ತು. ಕೆಎ-06 ನಂಬರು, ಮೂವತ್ತು ವರ್ಷದ ಗಾಡಿ. ಕಿಕ್ ಹೊಡೆದ್ರೆ ಮೆತ್ತಗೆ ಇಳಿಯುತ್ತೆ, ಸ್ಟಾರ್ಟ್ ಆದ್ರೆ ಒಳಗೆ ಕಟಕಟ ಸದ್ದು. ನಮ್ಮ ತೀರ್ಮಾನ ಒಂದೇ ನಿಮಿಷದಲ್ಲಿ ಆಯ್ತು: ಇದನ್ನ ಇಳಿಸೋದು, ಆರ್‌ಎಕ್ಸ್ 135ರ ಐದು ಗೇರಿನ ಇಂಜಿನ್ ಏರಿಸೋದು.

ಅವರಪ್ಪ ಬೇಡ ಅನ್ನಲಿಲ್ಲ. ಅಟ್ಟದಿಂದ ಒಂದು ಕಾಯಿ ಇಳಿಸಿ, ಕಿವಿ ಹತ್ರ ಹಿಡಿದು ಅಲ್ಲಾಡಿಸಿ ಕೇಳಿದ್ರು: "ವರ್ಷ ಇಟ್ಟಿರೋ ಕಾಯಿನೂ ಮೊದ್ಲು ಅಲ್ಲಾಡಿಸಿ ನೋಡ್ತೀವಿ, ಗಿಟುಕು ಬಿಟ್ಟಿದ್ಯೋ ಇಲ್ವೋ ಅಂತ. ಆಮೇಲೆ ಒಡೆಯೋದು. ನೀವು ಅದನ್ನ ನೋಡಿದ್ರೇನಪ್ಪಾ?"

ನಾವು ನೋಡಿರಲಿಲ್ಲ.

1. ರೋಗ ಯಾವುದು?

ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೆ ಬರುತ್ತೆ. ಪಿಸ್ಟನ್ ಕೆಳಗಿಳಿದಾಗ ಅಲ್ಲಿಂದ ಸಿಲಿಂಡರ್‌ಗೆ ಹೋಗುತ್ತೆ. ಅಂದ್ರೆ ಕ್ರ್ಯಾಂಕ್‌ಕೇಸ್ ಕೂಡ ಒಂದು ಪಂಪ್. ಅದು ಗಾಳಿ ಬಿಡದ ಹಾಗೆ ಇರಬೇಕು. ಆ ಕೆಲಸ ಮಾಡೋದು ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್‌ಗಳು. ಗಾಡಿ ವರ್ಷಗಟ್ಟಲೆ ನಿಂತ್ರೆ ಅವುಗಳ ರಬ್ಬರ್ ಒಣಗಿ ಗಟ್ಟಿಯಾಗುತ್ತೆ.

ಹೀಗೆ ಗುರುತಿಸಬಹುದು:

ಗೇರ್ ಆಯಿಲ್ ಕಮ್ಮಿಯಾಗ್ತಾ ಬಿಳಿ ಹೊಗೆ ಜಾಸ್ತಿ ಆದ್ರೆ, ಕ್ಲಚ್ ಕಡೆ ಸೀಲ್ ಹೋಗಿದೆ. ಇಂಜಿನ್ ಗೇರ್ ಆಯಿಲನ್ನೇ ಎಳೆದು ಸುಡ್ತಿದೆ.

ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಬೇಗ ಇಳಿಯದಿದ್ರೆ, ಮ್ಯಾಗ್ನೆಟ್ ಕಡೆ ಸೀಲ್‌ನಿಂದ ಗಾಳಿ ನುಗ್ಗುತ್ತಿರಬಹುದು. ಇದು ಅಪಾಯ. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಇಂಜಿನ್ ಕಾದು ಸೀಜ್ ಆಗುತ್ತೆ.

ಕಿಕ್ ಮೆತ್ತಗಿದ್ದು, ತಣ್ಣಗಿರುವಾಗ ಕಟಕಟ ಅಂದು ಬಿಸಿಯಾದ ಮೇಲೆ ಸದ್ದು ಸ್ವಲ್ಪ ಕಮ್ಮಿಯಾದ್ರೆ, ಪಿಸ್ಟನ್ ಮತ್ತು ಸಿಲಿಂಡರ್ ಮಧ್ಯೆ ಸಂದು ಜಾಸ್ತಿಯಾಗಿದೆ. ನಮ್ಮೂರ ಭಾಷೇಲಿ "ಇಂಜಿನ್ ಬೋರ್‌ಗೆ ಬಂದಿದೆ".

ನಮ್ಮದು ಮೂರನೇದು. ಚಿಪ್ಪಿನೊಳಗೆ ಗಿಟುಕು ಅಲ್ಲಾಡಿದ ಹಾಗೇ ಪಿಸ್ಟನ್ ಅಲ್ಲಾಡ್ತಿತ್ತು. ವ್ಯತ್ಯಾಸ ಇಷ್ಟೇ: ಕಾಯಿಗೆ ಅದು ಒಳ್ಳೇ ಲಕ್ಷಣ.

2. ಸ್ವಾಪ್ ಮಾಡಿದ್ರೆ ಸಿಗೋದೆಷ್ಟು?

ಆರ್‌ಎಕ್ಸ್ 100ರ ಶಕ್ತಿ 11 ಹಾರ್ಸ್‌ಪವರ್. ಐದು ಗೇರಿನ 135ರದ್ದು ಸುಮಾರು 14. ಅಂದ್ರೆ 27 ಪರ್ಸೆಂಟ್ ಜಾಸ್ತಿ. ಕೇಳೋಕೆ ಚೆನ್ನಾಗಿದೆ. ಆದ್ರೆ ಜೋರಾಗಿ ಹೋಗುವಾಗ ಶಕ್ತಿಯೆಲ್ಲಾ ಖರ್ಚಾಗೋದು ಗಾಳಿಯನ್ನ ತಳ್ಳೋಕೆ, ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತೆ. 1.27ರ ಘನಮೂಲ ತೆಗೀರಿ: 1.08. ಟಾಪ್ ಸ್ಪೀಡ್ ಏರೋದು ಬರೀ 8 ಪರ್ಸೆಂಟ್! 100 ಹೋಗೋ ಗಾಡಿ 108 ಹೋಗಬಹುದು, ಅಷ್ಟೇ. ಪಿಕಪ್ ಜಾಸ್ತಿಯಾಗುತ್ತೆ, ಅದನ್ನ ನಾವು ಒಪ್ತೀವಿ.

ಇನ್ನು ಬ್ರೇಕ್. ಎರಡೂ ಕಡೆ ಹಳೇ ಡ್ರಮ್. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ, 80ರಿಂದ ನಿಲ್ಲಿಸೋದಕ್ಕಿಂತ 100ರಿಂದ ನಿಲ್ಲಿಸುವಾಗ ಡ್ರಮ್ ನುಂಗಬೇಕಾದ ಶಾಖ 56 ಪರ್ಸೆಂಟ್ ಜಾಸ್ತಿ. ಕೆ.ಬಿ. ಕ್ರಾಸ್‌ನಲ್ಲಿ ಲಾರಿ ಅಡ್ಡ ಬಂದಾಗ ಹೊಸ ಇಂಜಿನ್ ಸಹಾಯಕ್ಕೆ ಬರಲ್ಲ.

ಜೊತೆಗೆ ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಕೂಡ ಇಂಜಿನ್‌ನ ಭಾಗವೇ. ಕಾರ್ಬುರೇಟರ್ ಜೆಟ್, ಆಯಿಲ್ ಪಂಪ್ ಸೆಟ್ಟಿಂಗ್, ಸ್ಪ್ರಾಕೆಟ್, ಸೈಲೆನ್ಸರ್ ಎಲ್ಲಾ ಒಂದಕ್ಕೊಂದು ಹೊಂದಬೇಕು. ಒಂದು ಬದಲಿಸಿದ್ರೆ ನಾಲ್ಕರ ಹಿಂದೆ ಓಡಬೇಕು.

3. ಕಾಗದ

ಇಷ್ಟು ಲೆಕ್ಕ ಆದಮೇಲೂ ನಮಗೆ ಆಸೆ ಹೋಗಲಿಲ್ಲ. ಹಳೇ ಇಂಜಿನ್ ಮಾರೋ ಒಂದು ಅಂಗಡಿಗೆ ಹೋದ್ವಿ. 28 ಸಾವಿರ ಹೇಳಿದ್ರು. ಬಿಲ್ ಕೇಳಿದ್ರೆ ನಕ್ಕರು. ಇಂಜಿನ್ ನಂಬರ್ ಇರೋ ಜಾಗ ನೋಡಿದ್ವಿ, ಫೈಲ್ ಹಾಕಿ ಉಜ್ಜಿತ್ತು. ಯಾರದೋ ಮನೆ ಮುಂದಿನಿಂದ ಹೋದ ಗಾಡಿಯ ಇಂಜಿನ್ ಇರಬಹುದು ಅಂತ ಅನ್ನಿಸಿದ್ದೇ ತಡ, ಕೈಲಿದ್ದ ಟೀ ಕೆಳಗಿಟ್ಟು ಎದ್ದು ಬಂದ್ವಿ.

ಇಂಜಿನ್ ನಂಬರ್ ಮತ್ತು ಚಾಸಿ ನಂಬರ್ ಎರಡೂ ಆರ್‌ಸಿಯಲ್ಲಿ ಇರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಜಿನ್ ಬದಲಿಸೋ ಮುಂಚೆಯೇ ಆರ್‌ಟಿಒ ಅನುಮತಿ ಬೇಕು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು.

ನಮಗೆ ಇನ್ನೊಂದು ಗಡುವೂ ಇತ್ತು. ಸ್ವಂತ ಬೈಕಿನ ರಿಜಿಸ್ಟ್ರೇಶನ್ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2010, 2015, 2020 ಮೂರು ಸಲವೂ ಅವರಪ್ಪ ತಪ್ಪಿಸಿರಲಿಲ್ಲ. 2025ರದ್ದು ಬಾಕಿ ಇತ್ತು. ತಿಪಟೂರು ಆರ್‌ಟಿಒನಲ್ಲಿ ಇನ್‌ಸ್ಪೆಕ್ಟರ್ ಬಗ್ಗಿ ನಂಬರ್ ನೋಡಿದಾಗ ಅದು ಹೊಂದದಿದ್ರೆ? ಮೂವತ್ತು ವರ್ಷ ಜೋಪಾನ ಮಾಡಿದ ಗಾಡಿ ನಮ್ಮ ಎರಡು ದಿನದ ಹುಚ್ಚಿಗೆ ಗುಜರಿ ಆಗ್ತಿತ್ತು.

4. ಕೊನೆಗೆ ಮಾಡಿದ್ದು

ಬ್ಲಾಕ್ ಬಿಚ್ಚಿ ಕಾಲೇಜಿನ ಮೆಟ್ರಾಲಜಿ ಲ್ಯಾಬ್‌ಗೆ ತಂದ್ವಿ. ಬೋರ್ ಗೇಜ್‌ನಲ್ಲಿ ಮೇಲೆ, ಮಧ್ಯ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ, ಒಟ್ಟು ಆರು ರೀಡಿಂಗ್. ಸೆಕೆಂಡ್ ಇಯರ್‌ನಲ್ಲಿ ಮಾರ್ಕ್ಸ್‌ಗೋಸ್ಕರ ಬರೆದ ಟೇಪರ್, ಓವ್ಯಾಲಿಟಿ ಅನ್ನೋ ಪದಗಳಿಗೆ ಅವತ್ತು ಅರ್ಥ ಸಿಕ್ತು.

ಆರ್‌ಎಕ್ಸ್ 100ರ ಮೂಲ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ. ಲೆಕ್ಕ ಹಾಕಿದ್ರೆ 98.2 ಸಿಸಿ. ಓವರ್‌ಸೈಜ್ ಪಿಸ್ಟನ್‌ಗಳು 0.25ರ ಹಂತದಲ್ಲಿ ಬರುತ್ತವೆ: 50.25, 50.50, 50.75, 51. ನಮ್ಮದು ಈಗಾಗಲೇ 50.50 ಆಗಿತ್ತು, ಮೇಲ್ಭಾಗದಲ್ಲಿ ಸವೆದು 50.62 ಬಂದಿತ್ತು. ಲೇತ್ ಅಂಗಡಿಯ ಅಣ್ಣ "ಸೀದಾ 51 ಮಾಡಿಬಿಡಿ" ಅಂದ್ರು. ನಾವು 50.75 ಕೇಳಿದ್ವಿ. ಗೀರು ಹೋಗೋಕೆ ಅಷ್ಟು ಸಾಕಿತ್ತು, ಮುಂದೆ ಇನ್ನೊಂದು ಬೋರ್‌ಗೆ ಲೋಹ ಉಳೀತು. ಈಗ ಅದು 101.1 ಸಿಸಿ. ಪಿಸ್ಟನ್, ರಿಂಗ್, ಎರಡು ಸೀಲ್, ಗ್ಯಾಸ್ಕೆಟ್, ಪೆಟ್ರೋಲ್ ಪೈಪ್, ಬೋರಿಂಗ್ ಕೂಲಿ ಎಲ್ಲಾ ಸೇರಿ 9 ಸಾವಿರ ಚಿಲ್ಲರೆ.

ಪೆಟ್ರೋಲ್ ಪೈಪ್ ಯಾಕೆ ಅಂದ್ರೆ ಈಗ ಬಂಕ್‌ನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಹಳೇ ರಬ್ಬರನ್ನ ಹಾಳುಮಾಡುತ್ತೆ, ನೀರನ್ನೂ ಎಳೆದುಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್, ಕಾರ್ಬುರೇಟರ್ ಎರಡೂ ಖಾಲಿ ಮಾಡಿಡಿ.

ನಿಮ್ಮನೇಲೂ ಒಂದು ನಿಂತಿದ್ರೆ

ಮೊದಲು ಸದ್ದು, ಹೊಗೆ, ಕಿಕ್ ಈ ಮೂರನ್ನ ಬರೆದಿಟ್ಟುಕೊಳ್ಳಿ. ಅಳತೆ ಮಾಡದೆ ಏನನ್ನೂ ಕೊಳ್ಳಬೇಡಿ. ಆರ್‌ಸಿ ತೆಗೆದು ಎರಡೂ ನಂಬರ್ ಗಾಡಿ ಜೊತೆ ಹೊಂದಿಸಿ. ರಿನ್ಯೂವಲ್ ತಾರೀಖು ನೋಡಿ. ಇಂಜಿನ್ ಬದಲಿಸಲೇಬೇಕು ಅಂದ್ರೆ ಮೊದಲು ಅನುಮತಿ, ಬಿಲ್ ಇರೋ ಇಂಜಿನ್, ಆಮೇಲೆ ಸ್ಪ್ಯಾನರ್.

ನಮ್ಮ ಗಾಡಿ ರಿನ್ಯೂವಲ್ ಆಯ್ತು. ಮೊದಲ 500 ಕಿಲೋಮೀಟರ್ ನಿಧಾನ ಓಡಿಸಬೇಕು ಅಂತ ನಾವು ಅವರಪ್ಪನಿಗೆ ಹೇಳಿದ್ವಿ. "ನಾನು ಮೂವತ್ತು ವರ್ಷದಿಂದ ನಿಧಾನಾನೇ ಓಡಿಸ್ತಿರೋದು, ನಿಮ್ಮ ಗೆಳೆಯನಿಗೆ ಹೇಳಿ" ಅಂದ್ರು. ಕೀ ಇನ್ನೂ ಅವರ ಜೇಬಲ್ಲೇ ಇದೆ.