ದೀಪದ ಬೋರ್ಡಿಗೆ ಹೊಸ ಮುಖ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಮಸೂದೆಗೆ 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟ ಮೇಲೆ ಶಿವಮೊಗ್ಗದಲ್ಲಿ ನಮ್ಮಂಥ ಬೋರ್ಡ್ ಕೆಲಸದವರಿಗೆ ಬಿಡುವೇ ಇಲ್ಲದಂತಾಯಿತು. ಅಂಗಡಿಯ ನಾಮಫಲಕದಲ್ಲಿ ಶೇ. 60ರಷ್ಟು ಜಾಗ ಕನ್ನಡಕ್ಕೆ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡನ್ನೇ ಹೊಸದಾಗಿ ಮಾಡಿಸುವ ಖರ್ಚು ಯಾರಿಗೂ ಬೇಡವಾಗಿತ್ತು. ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರು, ಎಲ್ಲಿ ಹೋದರೂ ಒಂದೇ ಮಾತು: “ಪೆಟ್ಟಿಗೆ ಗಟ್ಟಿ ಇದೆ ಕಣ್ರೀ, ಮುಂದಿನ ಶೀಟ್ ಒಂದು ಬದಲಾಯಿಸಿಕೊಡಿ, ಸಾಕು.”

ಗ್ಲೋ ಸೈನ್ ಬೋರ್ಡ್ ಎಂದರೆ ತಗಡಿನ ಪೆಟ್ಟಿಗೆ, ಒಳಗೆ ದೀಪ, ಮುಂದೆ ಬೆಳಕು ಹಾಯುವ ಹಾಳೆ. ಹಾಳೆ ಹಳತಾದರೆ ಹೊಸದು ಹಾಕುವುದು ನಮಗೆ ದಿನನಿತ್ಯದ ಕೆಲಸ. ಆದರೆ ಈ ಸಲದ ಕೆಲಸ ಬೇರೆ ಥರದ್ದು. ಈ ಪೆಟ್ಟಿಗೆಗಳಲ್ಲಿ ಬಹುಪಾಲು ಇಂಗ್ಲಿಷ್ ದೊಡ್ಡಕ್ಷರಗಳ ಅಳತೆಗೆ ಕಟ್ಟಿದವು: ಉದ್ದಕ್ಕೆ ಉದ್ದ, ಎತ್ತರ ಕಡಿಮೆ. ಅದರೊಳಗೆ ಕನ್ನಡ ಸರಿಯಾಗಿ ಕೂರಬೇಕಾದರೆ ಏನೇನು ನೋಡಬೇಕು ಎಂಬುದನ್ನು ಆ ತಿಂಗಳುಗಳು ನನಗೆ ಕಲಿಸಿದವು.

ಒಂದು ಬಟ್ಟೆ ಅಂಗಡಿಯ ಲೆಕ್ಕವನ್ನೇ ಹೇಳುತ್ತೇನೆ. ಬೋರ್ಡ್ 12 ಅಡಿ ಉದ್ದ, ಎರಡೂವರೆ ಅಡಿ ಎತ್ತರ. ಹೆಸರಿನ ಕೊನೆಯಲ್ಲಿ ‘ವಸ್ತ್ರಾಲಯ’. ಎತ್ತರ 30 ಇಂಚು. ಅದರಲ್ಲಿ ಮೇಲಿನ 18 ಇಂಚು ಕನ್ನಡಕ್ಕೆ, ಕೆಳಗಿನ 12 ಇಂಚು ಇಂಗ್ಲಿಷಿಗೆ. ಕೇಳುವುದಕ್ಕೆ ಧಾರಾಳವಾಗಿಯೇ ಇದೆ. ಗೆರೆ ಹಾಕಿ ನೋಡಿದರೆ ಮಾತು ಬೇರೆ. ಕನ್ನಡದ 18 ಇಂಚಿನಲ್ಲಿ ಅಂಚಿಗೆಂದು ಮೂರು ಇಂಚು ಹೋಗುತ್ತದೆ. ಉಳಿದ 15ರಲ್ಲಿ ತಲೆಕಟ್ಟು, ಅಕ್ಷರದ ಮೈ, ಅದರ ಕೆಳಗೆ ತ ಒತ್ತು, ಅದರ ಪಕ್ಕಕ್ಕೆ ಇನ್ನೂ ಇಳಿದು ರ ಒತ್ತು. ‘ಸ್ತ್ರಾ’ ಎಂಬ ಒಂದೇ ಒಂದು ಅಕ್ಷರಕ್ಕಾಗಿ ಇಡೀ ಸಾಲು ಮೇಲೇಳಬೇಕು. ಕೊನೆಗೆ ಮೈಗೆ ದಕ್ಕುವುದು ಸುಮಾರು ಎಂಟು ಇಂಚು. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಕೆಳಗೆ ಇಳಿಯುವ ಹಂಗಿಲ್ಲ. 12 ಇಂಚಿನಲ್ಲಿ ಮೇಲೆ ಕೆಳಗೆ ಎರಡೆರಡು ಬಿಟ್ಟರೂ ಎಂಟು ಇಂಚಿನ ಅಕ್ಷರ ಆರಾಮಾಗಿ ಬರುತ್ತದೆ. ಟೇಪ್ ಹಿಡಿದರೆ ಕನ್ನಡಕ್ಕೆ ಶೇ. 60, ರಸ್ತೆಯ ಆಚೆ ನಿಂತು ನೋಡಿದರೆ ಎರಡೂ ಒಂದೇ ಗಾತ್ರ. ಇಂಗ್ಲಿಷೇ ತುಸು ಮುಂದೆ ಎದ್ದು ಕಂಡರೂ ಆಶ್ಚರ್ಯವಿಲ್ಲ.

ನಮ್ಮ ಕೆಲಸದಲ್ಲಿ ಹಳೆಯ ಲೆಕ್ಕವೊಂದಿದೆ: ಒಂದಿಂಚು ಎತ್ತರದ ಅಕ್ಷರ ಹತ್ತಡಿ ದೂರಕ್ಕೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಕನ್ನಡಕ್ಕೆ ಈ ಲೆಕ್ಕ ಹಾಕುವಾಗ ಒತ್ತು ಸೇರಿಸಿ ಅಳೆಯಬಾರದು, ಮೈಯನ್ನು ಮಾತ್ರ ಅಳೆಯಬೇಕು. ನನಗೆ ಅಕ್ಷರ ಕಲಿಸಿದ ಪೇಂಟರ್ ಗುರುಗಳು ಬ್ರಷ್ಷಿನ ಕಾಲದವರು. ಅಂಗಡಿಯ ಹೆಸರು ಕೇಳಿದ ಕೂಡಲೆ ಅವರು ಹುಡುಕುತ್ತಿದ್ದದ್ದು ಅದರಲ್ಲಿ ಅತಿ ಆಳಕ್ಕೆ ಇಳಿಯುವ ಒತ್ತು ಯಾವುದು ಎಂದು. ಅದನ್ನು ಹಿಡಿದೇ ತಗಡಿನ ಮೇಲೆ ಗೆರೆ ಎಳೆಯುತ್ತಿದ್ದರು. ‘ಲಕ್ಷ್ಮೀ’ ಬಂದರೆ ಒಂದು ಲೆಕ್ಕ, ‘ಕಮಲ’ ಬಂದರೆ ಇನ್ನೊಂದು. ಅಷ್ಟು ಸರಳವಾದ ಎಚ್ಚರ ಇವತ್ತಿನ ಎಷ್ಟೋ ವಿನ್ಯಾಸಗಳಲ್ಲಿ ಇಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆ ಬಟ್ಟೆ ಅಂಗಡಿಯ ಯಜಮಾನರಿಗೆ ಕಾಗದದ ಮೇಲೆ ಇದನ್ನೆಲ್ಲ ಬಿಡಿಸಿ ತೋರಿಸಿದೆ. “ಹಂಗಾದ್ರೆ ಅಕ್ಷರಾನ ಅಗಲಕ್ಕೆ ಎಳೆದುಬಿಡಿ, ದೊಡ್ಡದಾಗಿ ಕಾಣುತ್ತಲ್ಲ” ಅಂದರು. ಕಂಪ್ಯೂಟರಿನಲ್ಲಿ ಎಳೆಯುವುದು ಕ್ಷಣದ ಕೆಲಸ. ಆದರೆ ಅಡ್ಡಕ್ಕೆ ಎಳೆದಾಗ ನೆಟ್ಟಗಿನ ಗೆರೆ ಮಾತ್ರ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಷ್ಟೇ ಇರುತ್ತದೆ. ದುಂಡಗಿನ ಅಕ್ಷರದ ಅಂದವೂ ಹೋಗುತ್ತದೆ, ಓದುವ ಸಲೀಸೂ ಹೋಗುತ್ತದೆ. ಒಪ್ಪಲಿಲ್ಲ. ಬದಲಿಗೆ ಫೋನ್ ನಂಬರನ್ನೂ ರೇಷ್ಮೆ ಸೀರೆ, ರೆಡಿಮೇಡ್ ಎಂಬ ಪಟ್ಟಿಯನ್ನೂ ಬೋರ್ಡಿನಿಂದ ಇಳಿಸಿ ಬಾಗಿಲ ಗಾಜಿನ ಮೇಲೆ ಅಂಟಿಸಿದೆವು. ಇಂಗ್ಲಿಷ್ ಸಾಲನ್ನು ಸಣ್ಣದು ಮಾಡಿ ಬಲಕ್ಕೆ, ‘ಲಯ’ದ ಕೆಳಗೆ ಒತ್ತಿಲ್ಲದೆ ಖಾಲಿ ಉಳಿಯುವ ಜಾಗಕ್ಕೆ ಸರಿಸಿದೆವು. ಕನ್ನಡದ ಮೈ ಹನ್ನೊಂದು ಇಂಚಿಗೆ ಏರಿತು. ಕಾನೂನು ಕೇಳಿದ್ದಕ್ಕಿಂತ ಜಾಸ್ತಿಯೇ ಆಯಿತು, ಓದುವವರ ಕಣ್ಣಿಗೆ ಬೇಕಾದಷ್ಟೂ ಆಯಿತು.

ಅಕ್ಷರ ಕಂಪ್ಯೂಟರಿನಿಂದ ಶೀಟಿಗೆ ಬರುವ ದಾರಿಯಲ್ಲೂ ಕಂಟಕಗಳಿವೆ. ಯಜಮಾನರು ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಅದು ಯೂನಿಕೋಡ್. ಬೋರ್ಡ್ ವಿನ್ಯಾಸ ಮಾಡುವ ಕಡೆ ಇನ್ನೂ ಹಳೆಯ ಕೋರೆಲ್‌ಡ್ರಾ ಇರುತ್ತದೆ. ಅದಕ್ಕೆ ಯೂನಿಕೋಡ್ ಕನ್ನಡದ ಒತ್ತು ಜೋಡಿಸಲು ಬಾರದು. ‘ಸ್ತ್ರಾ’ ಬಿಡಿಬಿಡಿಯಾಗಿ ಉದುರುತ್ತದೆ. ಅದಕ್ಕೇ ಅವರು ಕನ್ನಡ ಗಣಕ ಪರಿಷತ್ತಿನ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಮತ್ತೆ ಟೈಪ್ ಮಾಡುತ್ತಾರೆ. ಮತ್ತೆ ಟೈಪ್ ಮಾಡುವಾಗ ಮಹಾಪ್ರಾಣ ಜಾರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಇನ್ನೊಂದು ವಿಷಯ ವಿನೈಲ್ ಕತ್ತರಿಸುವವರಿಗೆ ಮಾತ್ರ ಗೊತ್ತಾಗುವಂಥದ್ದು. ಆ ಹಳೆಯ ಫಾಂಟ್‌ಗಳಲ್ಲಿ ಒಂದು ಅಕ್ಷರ ಹಲವು ತುಂಡುಗಳ ಜೋಡಣೆ. ತುಂಡುಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಪರದೆಯ ಮೇಲೆ, ಕಾಗದದ ಮೇಲೆ ಅದು ಕಾಣುವುದಿಲ್ಲ. ಪ್ಲಾಟರಿನ ಬ್ಲೇಡ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ನಿಷ್ಠೆಯಿಂದ ಕೊಯ್ಯುತ್ತದೆ, ಅಕ್ಷರದ ಹೊಟ್ಟೆಯ ಮೇಲೆ ಸೀಳು ಬೀಳುತ್ತದೆ. ಹಾಗಾಗಿ ಅಕ್ಷರಗಳನ್ನು ಕರ್ವ್ ಮಾಡಿದ ಮೇಲೆ ತುಂಡುಗಳನ್ನು ಒಂದಾಗಿ ವೆಲ್ಡ್ ಮಾಡಲೇಬೇಕು. ಅದಾದ ಮೇಲೆ ಒಂದು ಕಾಗದದ ಪ್ರಿಂಟ್ ತೆಗೆದು, ಕನ್ನಡ ಚೆನ್ನಾಗಿ ಬಲ್ಲವರೊಬ್ಬರಿಂದ ಜೋರಾಗಿ ಓದಿಸುತ್ತೇನೆ. ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಅವರು ನೋಡಿ ಸಹಿ ಹಾಕಿದ ಮೇಲೆಯೇ ಬ್ಲೇಡ್ ಇಳಿಯುವುದು.

ಹಗಲಿನ ಮುಖ ಬೇರೆ, ರಾತ್ರಿಯ ಮುಖ ಬೇರೆ. ಬಿಳಿ ಹಿನ್ನೆಲೆಯಲ್ಲಿ ಗಾಢ ಬಣ್ಣದ ಅಕ್ಷರ ಇದ್ದರೆ, ಒಳಗೆ ದೀಪ ಹತ್ತಿದಾಗ ಬೆಳಕು ಅಂಚುಗಳಿಂದ ಒಳನುಗ್ಗಿ ಅಕ್ಷರವನ್ನು ತೆಳ್ಳಗೆ ಮಾಡುತ್ತದೆ. ಗಾಢ ಹಿನ್ನೆಲೆಯಲ್ಲಿ ಅಕ್ಷರವೇ ಬೆಳಗಿದರೆ ಅದು ಹೊರಕ್ಕೆ ಹರಡಿ ದಪ್ಪಗಾಗುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳು ಇದನ್ನು ಹೇಗೋ ತಾಳಿಕೊಳ್ಳುತ್ತವೆ. ನಮ್ಮ ಲಿಪಿಯಲ್ಲಿ ದಕ್ಕೂ ಧಕ್ಕೂ, ಪಕ್ಕೂ ಫಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಥಕ್ಕೆ ಒಳಗೊಂದು ಚುಕ್ಕೆ. ಅದು ಬೆಳಕಿನಲ್ಲಿ ಕರಗಿದರೆ ‘ಧನ’ ದನವಾಗಿಬಿಡುತ್ತದೆ. ಆದ್ದರಿಂದ ಬಿಳಿ ಹಿನ್ನೆಲೆಗೆ ಗೆರೆ ಒಂದಿಷ್ಟು ದಪ್ಪ, ಬೆಳಗುವ ಅಕ್ಷರಕ್ಕೆ ಗೆರೆ ತೆಳ್ಳಗೆ, ಸೀಳು ಮತ್ತು ಚುಕ್ಕೆಗಳು ಫಾಂಟಿನಲ್ಲಿ ಇದ್ದದ್ದಕ್ಕಿಂತ ದೊಡ್ಡವು. ಬಣ್ಣದ ವಿನೈಲ್ ಎರಡು ಪದರ ಒಂದರ ಮೇಲೊಂದು ಬಂದಲ್ಲಿ ರಾತ್ರಿ ಕಪ್ಪು ಪಟ್ಟಿ ಕಾಣುತ್ತದೆ, ಹಗಲು ಗೊತ್ತೇ ಆಗುವುದಿಲ್ಲ. ಶೀಟನ್ನು ಏಣಿ ಹತ್ತಿಸುವ ಮೊದಲು ಶೆಡ್ಡಿನ ಬಾಗಿಲು ಹಾಕಿ, ಹಿಂದೆ ದೀಪ ಹಿಡಿದು, ಆದಷ್ಟು ದೂರ ನಿಂತು ನೋಡುವುದನ್ನು ನಾನು ಯಾವ ಅವಸರದಲ್ಲೂ ಬಿಡುವುದಿಲ್ಲ.

ಇನ್ನು ಪೆಟ್ಟಿಗೆ. ಹಾಳೆ ತೆಗೆದ ದಿನ ಮಾತ್ರ ಅದರ ಒಳಗು ಕಾಣುವುದು. ಮತ್ತೆ ಎಷ್ಟೋ ವರ್ಷ ಯಾರೂ ಅಲ್ಲಿ ಕಣ್ಣು ಹಾಯಿಸುವುದಿಲ್ಲ. ಆ ದಿನವನ್ನು ಬರೀ ಹಾಳೆಗೆ ಮೀಸಲಿಟ್ಟರೆ ದೊಡ್ಡ ನಷ್ಟ.

ಮೊದಲು ಕರೆಂಟು. ಸ್ವಿಚ್ ಆರಿಸಿದೆವು, ದೀಪ ಹೋಯಿತು ಎಂದು ಕೈ ಹಾಕಬಾರದು. ಸ್ವಿಚ್ಚನ್ನು ಫೇಸಿಗೆ ಕೊಡುವ ಬದಲು ನ್ಯೂಟ್ರಲಿಗೆ ಕೊಟ್ಟಿರುವ ಹಳೆಯ ಬೋರ್ಡುಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅಲ್ಲಿ ದೀಪ ಆರಿದರೂ ಟ್ಯೂಬಿನ ಹೋಲ್ಡರಿನವರೆಗೆ ಕರೆಂಟು ಹಾಗೇ ಇರುತ್ತದೆ. ಮೇನ್ ಇಳಿಸಬೇಕು, ಇಳಿಸಿದ ಮೇಲೂ ಟೆಸ್ಟರ್ ಇಟ್ಟು ನೋಡಬೇಕು. ಬೋರ್ಡಿನ ಲೈನು ಪಕ್ಕದ ಮಳಿಗೆಯಿಂದ ಬಂದಿರುವುದೂ ಉಂಟು. ತಗಡಿನ ಪೆಟ್ಟಿಗೆಗೆ ಅರ್ಥಿಂಗ್ ಇಲ್ಲದಿದ್ದರೆ ಅಂದೇ ಎಳೆಸಬೇಕು. ಮುಂದೆಯೇ ಮೆಸ್ಕಾಂನ ತಂತಿ ಹಾದಿದ್ದರೆ ಕಬ್ಬಿಣದ ಏಣಿಯನ್ನು ಹತ್ತಿರ ತರುವುದೇ ಬೇಡ. ಲೈನ್‌ಮನ್ ಅವರನ್ನು ಕರೆಸಿ ಸಪ್ಲೈ ನಿಲ್ಲಿಸಿಯೇ ಕೆಲಸ. ಈ ವಿಷಯದಲ್ಲಿ ನನ್ನ ಜೊತೆಯ ಹುಡುಗರು “ಎರಡೇ ನಿಮಿಷ ಅಣ್ಣ” ಅಂದರೂ ನಾನು ಕರಗುವುದಿಲ್ಲ.

ಒಳಗೆ ಸಾಮಾನ್ಯವಾಗಿ ಸಿಗುವುದು 36 ವಾಟಿನ ನಾಲ್ಕಡಿ ಟ್ಯೂಬುಗಳು, ಚೋಕ್, ಕಣಜದ ಗೂಡು, ತಳದಲ್ಲಿ ಕೆಸರು. ಟ್ಯೂಬುಗಳಲ್ಲಿ ಪಾದರಸ ಇರುವುದರಿಂದ ಒಡೆಯದಂತೆ ಇಳಿಸಬೇಕು. ಅವುಗಳ ಜಾಗಕ್ಕೆ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲ್ ಹಾಕಿದರೆ ಕರೆಂಟು ಉಳಿಯುತ್ತದೆ, ಬೆಳಕೂ ಸಮನಾಗಿ ಹರಡುತ್ತದೆ. ಅಂತರದ ಲೆಕ್ಕ ಸುಲಭ: ಪೆಟ್ಟಿಗೆಯ ಆಳ ಎಷ್ಟೋ ಮಾಡ್ಯೂಲುಗಳ ನಡುವೆ ಹೆಚ್ಚುಕಡಿಮೆ ಅಷ್ಟೇ. ಆಳ ಆರಿಂಚು ಇದ್ದು ಹತ್ತಿಂಚಿಗೊಂದು ಕೂರಿಸಿದರೆ ಹಾಳೆಯ ಮೇಲೆ ಬೆಳಕಿನ ಚುಕ್ಕೆಗಳು ಮೂಡಿ, ಥದ ಚುಕ್ಕೆ ಯಾವುದು ದೀಪದ ಚುಕ್ಕೆ ಯಾವುದು ತಿಳಿಯದಂತಾಗುತ್ತದೆ. ಮಾಡ್ಯೂಲುಗಳಿಗೆ 12 ವೋಲ್ಟ್ ಕೊಡುವ ಎಸ್‌ಎಂಪಿಎಸ್ ಮೇಲೆ ಅದರ ಶಕ್ತಿಯ ಶೇ. 80ಕ್ಕಿಂತ ಹೆಚ್ಚು ಹೊರೆ ಹಾಕುವುದಿಲ್ಲ. ಆಗುವಂತಿದ್ದರೆ ಅದನ್ನು ಅಂಗಡಿಯ ಒಳಗೇ ಇಡಿಸುತ್ತೇನೆ.

ಮಲೆನಾಡಿನ ಮಳೆಗೆ ಹೆದರಿ ಪೆಟ್ಟಿಗೆಯ ಸುತ್ತಲೂ ಸಿಲಿಕೋನ್ ಮೆತ್ತಿಸುವವರಿದ್ದಾರೆ. ಮೇಲಿನ ಮತ್ತು ಪಕ್ಕದ ಸಂದಿಗೆ ಸಿಲಿಕೋನ್ ಸರಿ, ತಳಕ್ಕೆ ಬೇಡ. ನೀರು ಹೇಗಾದರೂ ಒಳಗೆ ಬರುತ್ತದೆ. ಹೊರಗೆ ಸುರಿಯದಿದ್ದ ದಿನವೂ ಒಳಗಿನ ತೇವ ತಣಿದು ಹನಿಯಾಗುತ್ತದೆ. ತಳದಲ್ಲಿ ತೂತು ಕೊರೆದು ಒಳಗಿನಿಂದ ಸಣ್ಣ ಜಾಲರಿ ಇಟ್ಟರೆ ನೀರು ಇಳಿಯುತ್ತದೆ, ಹುಳ ಹತ್ತುವುದಿಲ್ಲ.

ಹಾಳೆಯ ವಿಷಯಕ್ಕೆ ಬಂದರೆ, ನಾನು ಫ್ಲೆಕ್ಸ್ ಬಿಟ್ಟು ಅಕ್ರಿಲಿಕ್‌ಗೇ ಅಂಟಿಕೊಂಡಿದ್ದೇನೆ. ಪ್ಲಾಸ್ಟಿಕ್ ವಸ್ತುಗಳ ಮೇಲಿನ 2016ರ ಮಾರ್ಚಿನ ರಾಜ್ಯ ಸರ್ಕಾರದ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿತ್ತು. ಅದಿಲ್ಲದಿದ್ದರೂ ಬಿಸಿಲಿಗೆ ಜೋಲುವ ಹಾಳೆಯ ಮೇಲೆ ಒತ್ತಕ್ಷರ ನೆಟ್ಟಗೆ ನಿಲ್ಲುವುದಿಲ್ಲ. ಆದರೆ ಅಕ್ರಿಲಿಕ್ ಬಿಸಿಗೆ ಹಿಗ್ಗುತ್ತದೆ. ಎಂಟಡಿಯ ಶೀಟ್ ಉಷ್ಣತೆ 30 ಡಿಗ್ರಿ ಏರಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಡಿಸೆಂಬರಿನ ಮುಂಜಾವಿಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಇದ್ದೇ ಇದೆ. ಬಿಗಿಯಾಗಿ ತುರುಕಿ ಸ್ಕ್ರೂ ಹೊಡೆದರೆ ಬೇಸಿಗೆಯಲ್ಲಿ ಮುಖ ಉಬ್ಬುತ್ತದೆ, ಇಲ್ಲವೇ ಸ್ಕ್ರೂ ಪಕ್ಕದಲ್ಲೇ ಬಿರಿಯುತ್ತದೆ. ಹಳೆಯ ಹಾಳೆಯನ್ನೇ ಅಚ್ಚು ಮಾಡಿಕೊಂಡು ಕತ್ತರಿಸುವುದನ್ನು ನಾನು ನಂಬುವುದಿಲ್ಲ. ಚೌಕಟ್ಟನ್ನೇ ಎಡ, ನಡು, ಬಲ ಮೂರೂ ಕಡೆ ಅಳೆದು, ಮೂಲೆಯಿಂದ ಮೂಲೆಗೂ ಟೇಪ್ ಹಿಡಿದು, ಕಡಿಮೆ ಬಂದ ಅಳತೆಯಿಂದ ಹಿಗ್ಗುವಷ್ಟು ಜಾಗ ಕಳೆಯುತ್ತೇನೆ. ಸ್ಕ್ರೂ ಬೇಕೇ ಬೇಕೆಂದಾದರೆ ತೂತು ಸ್ಕ್ರೂಗಿಂತ ದೊಡ್ಡದಿರಬೇಕು. ಅಳತೆಯಲ್ಲೂ ಎರಡಿವೆ, ಕೂರುವ ಅಳತೆ ಮತ್ತು ಕಾಣುವ ಅಳತೆ. ಚೌಕಟ್ಟಿನ ಮಡಿಕೆ ನಾಲ್ಕೂ ಕಡೆ ಹಾಳೆಯನ್ನು ಮುಚ್ಚುತ್ತದೆ. ಕೆಳಗಿನ ಮಡಿಕೆಯ ಮರೆಗೆ ಮೊದಲು ಹೋಗುವುದು ನಮ್ಮ ಒತ್ತುಗಳೇ. ಬಟ್ಟೆ ಅಂಗಡಿಯದು 12 ಅಡಿ, ಶೀಟ್ ಬರುವುದು ಎಂಟಡಿ. ಜೋಡಣೆ ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ನಿರ್ಧರಿಸಿ, ಎರಡು ಪದಗಳ ನಡುವಿನ ಖಾಲಿಗೆ ತಂದೆವು.

ಹೊಸ ಮುಖವನ್ನು ಥಿನ್ನರಿನಿಂದ ಒರೆಸಬೇಡಿ ಎಂದು ಯಜಮಾನರಿಗೂ ಅಂಗಡಿಯ ಹುಡುಗರಿಗೂ ಹೇಳಿ ಬರುತ್ತೇನೆ. ಅಕ್ರಿಲಿಕ್ ಮೇಲೆ ಅದರಿಂದ ಸಣ್ಣ ಸಣ್ಣ ಬಿರುಕುಗಳ ಬಲೆಯೇ ಏಳುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಮುಚ್ಚುವ ಮೊದಲು ಪೆಟ್ಟಿಗೆಯ ಹಿಂದಿನ ತಗಡಿನ ಮೇಲೆ, ಒಳಗಡೆ, ಮಾರ್ಕರಿನಲ್ಲಿ ಇಷ್ಟನ್ನು ಬರೆಯುತ್ತೇನೆ: ಕೂರುವ ಅಳತೆ, ಕಾಣುವ ಅಳತೆ, ಎಸ್‌ಎಂಪಿಎಸ್ ಎಷ್ಟು ವಾಟಿನದು, ಲೈನು ಯಾವ ಎಂಸಿಬಿಯಿಂದ ಬಂದಿದೆ, ಕೆಲಸ ಮುಗಿದ ತಾರೀಕು. ಮುಂದಿನ ಸಲ ಈ ಹಾಳೆ ತೆಗೆಯುವುದು ನಾನೇ ಆಗಿರಬೇಕೆಂದಿಲ್ಲ. ಯಾರೇ ಏಣಿ ಹತ್ತಿದರೂ ಟೆಸ್ಟರ್ ಎಲ್ಲಿ ಇಡಬೇಕು, ಶೀಟ್ ಎಷ್ಟು ಕತ್ತರಿಸಬೇಕು ಎಂಬುದು ಅಲ್ಲೇ ಸಿಗುತ್ತದೆ.