ಹಾಯಿಯುಳ್ಳ ಜಲಚರಗಳು

ಮನುಷ್ಯನು ಹಡಗಿಗೆ ಹಾಯಿ ಕಟ್ಟಲು ಕಲಿಯುವುದಕ್ಕೆ ಎಷ್ಟೋ ಮುಂಚಿನಿಂದಲೇ ಸಮುದ್ರದಲ್ಲಿ ಹಾಯಿಯ ಬಲದಿಂದ ಪ್ರಯಾಣ ಮಾಡುವ ಪ್ರಾಣಿಗಳುಂಟು. ಗಾಳಿಗೆ ಎದುರಾಗಿ ಈಜುವ ಶಕ್ತಿಯು ಇವುಗಳಿಗಿಲ್ಲ. ಆದರೂ ಕಸಕಡ್ಡಿಯಂತೆ ಸುಮ್ಮನೆ ತೇಲಿಹೋಗುವುವೆಂದು ಭಾವಿಸಕೂಡದು.

ಲಿನ್ನೇಯಸ್ ಪಂಡಿತನು 1758ರಲ್ಲಿ ವೆಲೆಲ್ಲ ಎಂದು ಕರೆದ ಜೀವಿಯನ್ನು ನೋಡಿರಿ. ಅದು ಅಂಗೈಗಿಂತ ಚಿಕ್ಕದಾದ ನೀಲಿ ತಟ್ಟೆ. ಮೇಲೆ ಪಾರದರ್ಶಕವಾದ ಬಿರುಸು ಹಾಯಿ. ಈ ಹಾಯಿಯು ತಟ್ಟೆಯ ಉದ್ದಕ್ಕೆ ನೇರವಾಗಿರದೆ ಓರೆಯಾಗಿ ನಿಂತಿರುತ್ತದೆ. ಕೆಲವಕ್ಕೆ ಎಡಓರೆ, ಕೆಲವಕ್ಕೆ ಬಲಓರೆ. ಒಂದು ಮತ್ತೊಂದರ ಕನ್ನಡಿಯ ಬಿಂಬದಂತೆ. ಆದಕಾರಣ ಒಂದೇ ಗಾಳಿಯು ಬೀಸಿದರೂ ಒಂದು ಗುಂಪು ಗಾಳಿಯ ದಾರಿಯಿಂದ ಎಡಕ್ಕೂ ಮತ್ತೊಂದು ಬಲಕ್ಕೂ ಸರಿದು ಅಗಲುತ್ತವೆ. ಅಮೇರಿಕಾ ಖಂಡದ ಪಶ್ಚಿಮ ತೀರದಲ್ಲಿ ವಸಂತಕಾಲದೊಳಗೆ ಇವು ಅಸಂಖ್ಯವಾಗಿ ಮರಳಿಗೆ ಬಿದ್ದು ಸಾಯುವುದುಂಟು. ಬಿದ್ದವುಗಳನ್ನು ಪರೀಕ್ಷಿಸಿದರೆ ಅನೇಕ ಸಲ ಬಹುಪಾಲು ಒಂದೇ ಓರೆಯವಾಗಿರುತ್ತವೆ. ಮತ್ತೊಂದು ಓರೆಯವು ಕಡಲಲ್ಲೇ ಉಳಿದವು. ವಂಶವೆಲ್ಲ ಒಂದೇ ಗಾಳಿಗೆ ಬಲಿಯಾಗದಿರುವುದಕ್ಕೆ ಇದಕ್ಕಿಂತ ಸರಳವಾದ ಉಪಾಯವು ನನಗೆ ತೋಚದು!

ಇದರ ದೂರದ ನೆಂಟನೇ ಫೈಸಾಲಿಯ. ನೋಡಲು ಒಂದೇ ಪ್ರಾಣಿ. ನಿಜವಾಗಿ ಅನೇಕ ಜೀವಿಗಳು ಕೂಡಿದ ಒಂದು ಸಂಸಾರ. ಮೇಲಿನ ನೀಲಿ ಚೀಲದೊಳಗಣ ಅನಿಲದಲ್ಲಿ, ಕಲ್ಲಿದ್ದಲಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವೂ ಸೇರಿದೆ. ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೆಳಗೆ ಜೋಲುವ ವಿಷದ ಎಳೆಗಳು ದೊಡ್ಡ ಜಾತಿಯಲ್ಲಿ ಹಲವು ಮೀಟರು ಉದ್ದವಿರುತ್ತವೆ.

ಮಳೆಗಾಲದ ಪಡುವಣ ಗಾಳಿಯು ಇವನ್ನು ನಮ್ಮ ಪಶ್ಚಿಮ ಕರಾವಳಿಗೂ ತರುವುದು. ಮುಂಬಯಿಯ ಜುಹೂ ತೀರದಲ್ಲಿ 2018ರ ಆಗಸ್ಟಿನಲ್ಲಿ ಅನೇಕರು ಇವುಗಳಿಂದ ಕುಟುಕಿಸಿಕೊಂಡರು. ಕಡಲೂರುಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಮಕ್ಕಳಿಗೆ ತಿಳಿಸಿರಬೇಕು: ಮರಳಲ್ಲಿ ಸತ್ತುಬಿದ್ದ ಚೀಲವು ಆಟದ ಬುಗ್ಗೆಯಂತೆ ಚೆಲುವಾಗಿದ್ದರೂ ಅದರ ಎಳೆಗಳು ಇನ್ನೂ ಕುಟುಕಬಲ್ಲವು. ಕುಟುಕಿದ ಜಾಗವನ್ನು ಉಜ್ಜದೆ, ಎಳೆಗಳನ್ನು ಬರಿಗೈಯಿಂದ ಮುಟ್ಟದೆ ತೆಗೆದು, ಸಮುದ್ರದ ನೀರಿನಿಂದ ತೊಳೆದು, ತಾಳಬಹುದಾದಷ್ಟು ಬಿಸಿನೀರಿನಲ್ಲಿ ಸುಮಾರು 20 ನಿಮಿಷ ಅದ್ದಿಡಬೇಕು. ಉಸಿರಾಟವು ಕಷ್ಟವಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯತಕ್ಕದ್ದು.

ಜಾಂತಿನ ಎಂಬ ನೇರಳೆ ಬಣ್ಣದ ಬಸವನಹುಳಕ್ಕೆ ಹಾಯಿಯಿಲ್ಲ. ಅದು ಗಾಳಿಯ ಗುಳ್ಳೆಗಳನ್ನು ತನ್ನ ಲೋಳೆಯಿಂದ ಸುತ್ತಿ ತೆಪ್ಪ ಕಟ್ಟಿಕೊಂಡು ತಲೆಕೆಳಗಾಗಿ ತೇಲುತ್ತದೆ. ಎದುರಾದ ವೆಲೆಲ್ಲವನ್ನು ತಿನ್ನುತ್ತದೆ. ತೆಪ್ಪವು ಕಳಚಿತೋ, ಮುಳುಗಿತು. ಗುಳ್ಳೆಗೆ ಬೇಕಾದ ಗಾಳಿಯು ನೀರಿನ ಮೇಲೆಯೇ ಸಿಕ್ಕುವುದರಿಂದ ಆಳದಲ್ಲಿ ಹೊಸ ತೆಪ್ಪವನ್ನು ಕಟ್ಟಲಾರದೆ ಸಾಯುತ್ತದೆ.